ಅತ್ತೆಯ ತೊಡೆಯ ಮೇಲೆ ಬಂದ ಕಂಪ್ಯೂಟರ್

ಅರಸೀಕೆರೆಯಿಂದ ಹಳೇಬೀಡಿಗೆ ಮಗಳ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಬರುತ್ತಿದ್ದೆ. ರಸ್ತೆಗೆ ಹರಡಿದ್ದ ರಾಗಿ ಫಸಲಿನ ಮೇಲೆ ಚಕ್ರ ಹರಿದು, ಹುಲ್ಲಿನ ವಾಸನೆ ಒಳಗೆ ಬಂತು. ದಣಿದ ಕಣ್ಣು ತಾನಾಗಿ ಮುಚ್ಚಿತು.

ನನ್ನ ಬಾಲ್ಯದಲ್ಲಿ ನಮ್ಮ ಸೋದರತ್ತೆ ಹಳೇಬೀಡಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಅವರಲ್ಲಿ ಕಂಪ್ಯೂಟರ್ ಇಲ್ಲವೆಂದು ಕಲಿಯುವವರೆಲ್ಲ ಬೇಲೂರಿನ ಬಸ್ಸು ಹತ್ತತೊಡಗಿದರು. ಅದೊಂದು ಬಂದರೆ ಮಾತ್ರ ಅತ್ತೆಯ ತರಗತಿ ಉಳಿಯುತ್ತಿತ್ತು. ಕೊನೆಗೆ ಅರಸೀಕೆರೆಯಿಂದ ಬಾಡಿಗೆ ಕಾರಿನಲ್ಲಿ ತಂದೆವು. ಸಂತೆಯಿಂದ ಮಡಕೆ ತರುವ ಹಾಗೆ ಅಜ್ಜ ಡಿಕ್ಕಿಗೆ ರಾಗಿಹುಲ್ಲು ಹಾಸಿದ್ದರು. ಅತ್ತೆ ಮಾನಿಟರನ್ನು ಮಾತ್ರ ಅಲ್ಲಿಗೆ ಬಿಡಲಿಲ್ಲ. ಟೀವಿಯಂಥ ಆ ಭಾರವನ್ನು ತೊಡೆಯ ಮೇಲಿಟ್ಟು, ಗಾಜನ್ನು ಎದೆಗೆ ಒತ್ತಿ ಹಿಡಿದರು. ದೊಡ್ಡ ಗುಂಡಿ ದಾಟಿದಾಗಲೆಲ್ಲ ಅಜ್ಜ ಕಾರು ನಿಲ್ಲಿಸಿ, ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ಕಿವಿಗೊಡುತ್ತಿದ್ದರು. ಬಿರುಕಿಲ್ಲದ ಮಡಕೆಯಾದರೆ ಠಣ್ ಎನ್ನಬೇಕಲ್ಲ!

"ಸದ್ದೇ ಬತ್ತಿಲ್ವಲ್ಲವ್ವಾ, ಬಿರುಕು ಬಿಟ್ಟೈತೇನೋ."

"ಇದು ಮಡಕೆ ಅಲ್ಲ ಕಣಪ್ಪ. ತಟ್ಟಿ ತಟ್ಟಿ ನೀನೇ ಒಡೆದಾಕ್ತೀಯ!" ಅತ್ತೆಗೆ ಅಳು ಬರುವುದೊಂದು ಬಾಕಿ.

ಮನೆ ತಲುಪಿದ ಮೇಲೆ ನಮ್ಮಪ್ಪ ಮಾನಿಟರನ್ನು ಒಳಗೊಯ್ದು ವೈರು ಜೋಡಿಸಿದಾಗ ಪರದೆ ಬೆಳಗಿತು. ಅತ್ತೆ ಇನ್ನೂ ಕಾರಿನಲ್ಲೇ ಇದ್ದರು. ಕಾಲು ಜೋಮು ಹಿಡಿದು ಇಳಿಯಲಾಗಿರಲಿಲ್ಲ.

"ಹತ್ತಿತೇನಪ್ಪಾ?" ಅಲ್ಲಿಂದಲೇ ಕೂಗಿದರು.

ಅಜ್ಜ ಹೋಗಿ ಅವರ ಮೊಣಕಾಲನ್ನು ಗೆಣ್ಣಿನಿಂದ ತಟ್ಟಿದರು. "ಅದು ಹತ್ತೈತೆ ಕಣವ್ವ. ಇದೇ ಸದ್ದು ಮಾಡ್ತಿಲ್ಲ."

ಕಣ್ಣು ಬಿಟ್ಟಾಗ ಕಾರು ಮನೆಯ ಮುಂದೆ ನಿಂತಿತ್ತು. ಮಗಳು ಬಾಗಿಲು ತೆರೆದು ಕಂಪ್ಯೂಟರ್ ಇಳಿಸಿಕೊಂಡು ಒಳಗೆ ಹೋದಳು. ನನ್ನ ಕಾಲೂ ಜೋಮು ಹಿಡಿದಿತ್ತು. ಮೊಣಕಾಲನ್ನು ಒಮ್ಮೆ ನಾನೇ ತಟ್ಟಿಕೊಂಡು, ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.