ಮೂರನೇ ಸಿಲಿಂಡರಿನ ಕೊಸರು

ನಮ್ಮ ಮನೆತನದವರು ಸಂತೆಯಿಂದ ಬರಿಗೈಲಿ ಬಂದದ್ದುಂಟು, ಕೊಸರಿಲ್ಲದೆ ಬಂದದ್ದಿಲ್ಲ. ಸೇರು ಅವರೆಕಾಯಿ ಕೊಂಡರೆ ಮೇಲೊಂದು ಹಿಡಿ, ನಾಲ್ಕು ಮೊಳ ಹೂವು ಕೊಂಡರೆ ಮೇಲೊಂದು ಗೇಣು. ತೂಗಿದವನ ಕೈ ತಕ್ಕಡಿ ಬಿಡುವ ಮೊದಲೇ "ಕೊಸರು ಹಾಕಪ್ಪಾ" ಅನ್ನಬೇಕು. ಬಿಟ್ಟ ಮೇಲೆ ಕೇಳಿದರೆ ಬೇಡಿದಂತಾಗುತ್ತದೆ. ಒಲ್ಲೆ ಅಂದರೆ ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೊರಡಬೇಕು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕರೆದೇ ಕರೆಯುತ್ತಾನೆ. ಇದನ್ನೆಲ್ಲ ನನಗೆ ಕಲಿಸಿದವಳು ಅಜ್ಜಿ. ಚಳ್ಳಕೆರೆ ಸಂತೆಯಲ್ಲಿ ಆಕೆಯ ಸೆರಗು ಹಿಡಿದು ಮಾತು ಕಲಿತವನು ನಾನು; ಹಾಗಾಗಿ ನಮಸ್ಕಾರ ಹೇಳುವುದು ಬರುವ ಮುಂಚೆಯೇ ನನಗೆ ಚೌಕಾಸಿ ಬಂತು. ಇವತ್ತಿಗೂ ಮನೆಯಲ್ಲಿ ಯಾರೇ ಏನೇ ಕೊಳ್ಳಲಿ, ಮುಂದೆ ನನ್ನನ್ನು ಬಿಡುತ್ತಾರೆ. ಸೀರೆಗೆ ಹೋಗಿದ್ದೇನೆ, ಎಮ್ಮೆಗೆ ಹೋಗಿದ್ದೇನೆ, ಹೆಣ್ಣು ನೋಡುವುದಕ್ಕೂ ಹೋಗಿದ್ದೇನೆ. ಕಾರಿನ ಇಂಜಿನ್ ಕೊರೆಸುವುದಕ್ಕೆ ಹೋದದ್ದು ಹೋದ ವರ್ಷವೇ ಮೊದಲು.

ಕಾರು ಅಪ್ಪನದು. ಅಪ್ಪ ಹೋದ ಮೇಲೆ ತಮ್ಮ ಓಡಿಸುತ್ತಿದ್ದ. ಅದು ಕೆಲವು ದಿನಗಳಿಂದ ನೀಲಿ ಹೊಗೆ ಬಿಡತೊಡಗಿತ್ತು, ಡಬ್ಬಗಟ್ಟಲೆ ಇಂಜಿನ್ ಆಯಿಲ್ ಕುಡಿಯುತ್ತಿತ್ತು. ನಮ್ಮದು ಶೇಂಗಾ ಎಣ್ಣೆ ವ್ಯಾಪಾರ. ಕಾರೂ ಮನೆತನದ ಕಸುಬಿಗೆ ಇಳಿದಿದೆ ಎಂದು ಬೀದಿಯವರು ಆಡಿಕೊಂಡರು. ಮೆಕ್ಯಾನಿಕ್ ಬಿಚ್ಚಿ ನೋಡಿದ.

"ಸಿಲಿಂಡರ್ ಸವೆದೈತಣ್ಣ. ಪಿಸ್ಟನ್ ಒಳಗೆ ಲೊಡಲೊಡ ಅಂತೈತೆ. ತೂತನ್ನ ಒಂಚೂರು ದೊಡ್ಡದು ಮಾಡ್ಸಿ, ಅದಕ್ಕೆ ತಕ್ಕಂಗೆ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದ್ರೆ ಹೊಸದರಂಗಾಗ್ತೈತೆ."

ಅಷ್ಟೇ ಮಾಡಿಸಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ತಮ್ಮ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಇಂಜಿನಿಯರಾಗಿದ್ದ. ಟರ್ಬೊ ಎಂಬ ಬಸವನಹುಳುವಿನ ಆಕಾರದ ಸಾಮಾನೊಂದನ್ನು ತರಿಸಿ, ದೇವರ ಮನೆಯಲ್ಲಿಟ್ಟು ವಿಭೂತಿ ಹಚ್ಚಿದ್ದ. ಅವ್ವ ಅದನ್ನು ಹೂ ಕುಂಡ ಅಂದುಕೊಂಡಿದ್ದಳು.

"ಹೊಗೆ ಹೊರಗೆ ಹೋಗೋ ರಭಸಕ್ಕೆ ಇದು ತಿರುಗ್ತೈತವ್ವ. ತಿರುಗಿ ತಿರುಗಿ ಇಂಜಿನ್ನಿಗೆ ಗಾಳಿ ತುರುಕ್ತೈತೆ."

"ಬ್ಯಾಡ ಅಂದ್ರೂ ತುರುಕ್ತೈತಾ?"

"ಹೂನವ್ವ. ಅದಕ್ಕೇ ಶಕ್ತಿ ಜಾಸ್ತಿ."

"ನಿಮ್ಮತ್ತೆ ನಿನಗೆ ಹೋಳಿಗೆ ಬಡಿಸಿದಂಗೆ ಅನ್ನು. ಅವತ್ತು ಊಟ ಆದ್ಮೇಲೆ ನಿನ್ನ ಗತಿ ಏನಾಗಿತ್ತು ನೆನಪೈತಾ?"

ನಕ್ಕು ಮುಗಿದ ಮೇಲೆ ಅವ್ವ ತನ್ನ ತೀರ್ಪು ಕೊಟ್ಟಳು. "ನಿಮ್ಮಪ್ಪ ಈ ಕಾರನ್ನ ಒಂದಿನಾನೂ ದಾರೀಲಿ ಬಿಟ್ಟು ಬಂದೋನಲ್ಲ. ಏನಾದ್ರೂ ಮಾಡ್ಕ. ಕೆಲಸ ಮುಗಿದ ದಿನ ಅದು ತಾನೇ ಓಡ್ಕಂಡು ಮನೆಗೆ ಬರಬೇಕು. ಟ್ರ್ಯಾಕ್ಟರಿಗೆ ಕಟ್ಕೊಂಡು ಎಳ್ಕಂಡು ಬಂದ್ಯೋ, ಅವತ್ತೇ ಗುಜರಿಗೆ."

ಅವ್ವ ಹೇಳಿದ್ದನ್ನು ಮಾಡುವವಳು. ಒದೆಯುವ ಎಮ್ಮೆಯನ್ನು ಎರಡನೇ ಸಲ ಒದ್ದ ದಿನವೇ ಮಾರಿದವಳು. ಆ ಕಾರಿನ ಇಂಜಿನ್ ಬ್ಲಾಕು, ಅಂದರೆ ನಾಲ್ಕು ಸಿಲಿಂಡರ್ ತೂತುಗಳಿರುವ ಎರಕದ ಕಬ್ಬಿಣದ ದಿಮ್ಮಿ, ಈಗ ಎಲ್ಲೂ ಸಿಗುವುದಿಲ್ಲ. ಅದು ಕೆಟ್ಟರೆ ಅಪ್ಪನ ಕಾರು ಹೋದಂತೆಯೇ. ತಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕರೆದುಕೊಂಡು ಹೋದ ನೋಡಿ, ಅದು ಅವನ ತಪ್ಪು.

ಕೊರೆಯುವುದಕ್ಕೆ ಮೊಳಕಾಲ್ಮೂರಿನ ಮೇಸ್ತ್ರಿಯೇ ಸರಿ ಎಂದು ಮೆಕ್ಯಾನಿಕ್ ಹೇಳಿದ್ದ. ಬ್ಲಾಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆವು. ಮೇಸ್ತ್ರಿಗೆ ಅರವತ್ತರ ಆಸುಪಾಸು, ತೆಲುಗು ಮನೆಮಾತಿನ ನೇಕಾರರ ಮನೆತನ. ಮುಂದಿನ ಅಂಕಣದಲ್ಲಿ ಅವರ ಹೆಂಡತಿ ರೇಷ್ಮೆ ಸೀರೆ ನೇಯುತ್ತಾರೆ, ಹಿಂದಿನ ಶೆಡ್ಡಿನಲ್ಲಿ ಇವರು ಕಬ್ಬಿಣ ಕೊರೆಯುತ್ತಾರೆ. ಎರಡೂ ಸದ್ದು ಒಂದೇ ಮನೆಯಿಂದ ಬರುತ್ತವೆ.

ತಮ್ಮ ಶುರು ಮಾಡಿದ. "ಮೇಸ್ತ್ರೀ, ಎಷ್ಟು ದೊಡ್ಡದಾಗ್ತೈತೋ ಅಷ್ಟು ದೊಡ್ಡದು ಮಾಡ್ರಿ. ಎರಡು ಮಿಲಿಮೀಟರ್ ಕೊರೀರಿ. ಟರ್ಬೊ ಹಾಕ್ತೀನಿ."

"ಎಲ್ಲಿ ಓಡಿಸ್ತೀ ಬಾಬು?"

"ದೊಡ್ಡಉಳ್ಳಾರ್ತಿ ಕಡೆ ಹುಲ್ಲುಗಾವಲಿನ ರಸ್ತೆ ನೆಟ್ಟಗೈತಲ್ಲ, ಅಲ್ಲಿ."

"ಅಲ್ಲಿ ಸರ್ಕಾರದೋರು ಹೊಸ ವಿಮಾನ ಹಾರಿಸಿ ನೋಡ್ತಾರಂತೆ. ನಿನ್ನನ್ನೂ ಲೆಕ್ಕಕ್ಕೆ ಹಿಡಕೊಂಡಾರು, ನೋಡ್ಕೋ."

ಮೇಸ್ತ್ರಿ ಒಂದೊಂದು ತೂತಿಗೂ ಅಳತೆಯ ಗೇಜು ಇಳಿಸಿ, ಮೇಲೆ, ನಡುವೆ, ಕೆಳಗೆ ಎಂದು ಅಳೆದರು. ತೂತುಗಳು ಗುಂಡಗೆ ಉಳಿದಿರಲಿಲ್ಲ, ಮೊಟ್ಟೆಯ ಹಾಗೆ ಆಗಿದ್ದವು. ಆಮೇಲೆ ಗೋಡೆಗೆ, ಬಸುರಿಯರಿಗೆ ಸ್ಕ್ಯಾನಿಂಗಿನಲ್ಲಿ ಹಚ್ಚುವಂಥ ಜೆಲ್ಲಿ ಹಚ್ಚಿ, ಸಣ್ಣದೊಂದು ಮೀಟರಿನ ಮೂತಿ ಇಟ್ಟರು. ಒಡೆಯದೆಯೇ ಕಬ್ಬಿಣದ ದಪ್ಪ ಹೇಳುವ ಮೀಟರು ಅದು. ನಾಲ್ಕೂ ಸಿಲಿಂಡರಿನ ನಾಲ್ಕೂ ದಿಕ್ಕಿಗೆ ಇಟ್ಟು ಸೀಮೆಸುಣ್ಣದಲ್ಲಿ ಬರೆದರು. ಮೂರನೆಯದರ ಒಂದು ಮಗ್ಗುಲಿಗೆ ಬಂದಾಗ ಕೈ ನಿಂತಿತು.

"ಎರಕ ಹೊಯ್ಯೋವಾಗ್ಲೇ ಒಳಗಿನ ಅಚ್ಚು ಒಂಚೂರು ಸರಿದೈತೆ. ಈ ಕಡೆ ಗೋಡೆ ತೆಳು. ಮೇಲಾಗಿ ನೀವು ಇಷ್ಟು ವರ್ಷ ರೇಡಿಯೇಟರಿಗೆ ಕೊಳವೆ ಬಾವಿ ಉಪ್ಪು ನೀರು ಹಾಕಿದ್ದೀರಿ. ಹಿಂದಿಂದ ತುಕ್ಕು ತಿಂದೈತೆ. ಅರ್ಧ ಮಿಲಿಮೀಟರ್ ಕೊರೀತೀನಿ, ತೂತು ಗುಂಡಗಾಗ್ತೈತೆ. ಅದಕ್ಕಿಂತ ಜಾಸ್ತಿ ವದ್ದು, ಬ್ಯಾಡ."

"ಟರ್ಬೊಗೆ ಸಾಲಲ್ಲ ಮೇಸ್ತ್ರೀ" ಅಂದ ತಮ್ಮ.

"ಟರ್ಬೊ ಹಾಕೋನಿಗೆ ದೊಡ್ಡ ತೂತು ಬೇಕಿಲ್ಲ ಬಾಬು, ದಪ್ಪ ಗೋಡೆ ಬೇಕು. ಗಾಳಿ ತುರುಕೋ ಕೆಲಸ ಅದು ಮಾಡ್ತೈತೆ. ತಡಕೊಳ್ಳೋ ಕೆಲಸ ಗೋಡೇದು. ಮೊದಲು ಪಿಸ್ಟನ್ ತಂದು ನನ್ನ ಕೈಗೆ ಕೊಡು. ಅದನ್ನ ಅಳೆದು, ಅದಕ್ಕೆ ಬೇಕಾದಷ್ಟೇ ಸಂದು ಬಿಟ್ಟು ಕೊರೀತೀನಿ. ಮೈ ನೋಡದೆ ಕುಪ್ಪಸ ಹೊಲಿಯೋಕಾಗ್ತದಾ?"

ಇಲ್ಲಿಗೆ ನನ್ನ ಸರದಿ ಬಂತು. ಅವರು ಮೀಟರು ಕೆಳಗಿಡುವ ಮೊದಲೇ ಕೇಳಿದೆ. "ಆಯ್ತು ಮೇಸ್ತ್ರೀ, ನಿಮ್ಮ ಮಾತಿಗೇ ಬರ್ತೀವಿ. ಅರ್ಧ. ಮೇಲೊಂದು ಕೊಸರು?"

ಮೇಸ್ತ್ರಿ ನನ್ನನ್ನು ನೋಡಿದರು. "ಕೊಸರಾ?"

"ದೂರದಿಂದ ಬಂದೀವಿ. ಒಂದು ಕಾಲು ಮಿಲಿಮೀಟರ್ ಜಾಸ್ತಿ ಕೊರೀರಿ."

"ಸಾವ್ಕಾರ್ರೇ, ನಿಮ್ಮಂಗಡೀಲಿ ಕೊಸರು ಅಂದ್ರೆ ಹಾಕೋದು. ಇಲ್ಲಿ ತೆಗೆಯೋದು. ತೆಗೆದ ಕಬ್ಬಿಣ ಮತ್ತೆ ಹಾಕೋಕೆ ಬರಲ್ಲ."

ನಾನು ಅದನ್ನು ವ್ಯಾಪಾರದ ಮಾತು ಅಂದುಕೊಂಡೆ. ಒಳ್ಳೇ ಸರಕಿರುವವರು ಹೀಗೇ ಬಿಗಿಯುತ್ತಾರೆ. ಅಜ್ಜಿಯ ಪಾಠದಂತೆ ಮುಖ ಸಪ್ಪಗೆ ಮಾಡಿ, "ಲೇ, ಎತ್ತು ಬ್ಲಾಕನ್ನ. ಬೇರೆ ಕಡೆ ನೋಡಾನ" ಅಂದೆ.

ಬೆಂಡೆಕಾಯಿ ಬುಟ್ಟಿ ಬಿಟ್ಟು ಹೊರಡುವುದು ಸುಲಭ. ಎರಕದ ಕಬ್ಬಿಣ ಹೊತ್ತುಕೊಂಡು ಮುನಿಸಿಕೊಂಡು ಹೊರಡುವುದಿದೆಯಲ್ಲ, ಅದು ಬಹಳ ನಿಧಾನದ ಮುನಿಸು. ಆಕಡೆ ಈಕಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆದೆವು. ಮೂರು ಹೆಜ್ಜೆಗೆ ನನ್ನ ನಡ ಹಿಡಿಯಿತು. ಐದಕ್ಕೆ ನಿಂತು ಉಸಿರು ಬಿಟ್ಟೆವು. "ಕರೀತಾರಾ ಅಣ್ಣ?" ಅಂತ ತಮ್ಮ ಪಿಸುಗುಟ್ಟಿದ. "ಕರೀತಾರೆ, ನಡೀಲೇ" ಅಂದೆ. ಒಂಬತ್ತನೇ ಹೆಜ್ಜೆಗೆ ಹಿಂದಿನಿಂದ ಮೇಸ್ತ್ರಿಯ ದನಿ ಬಂತು. ನಾವಿಬ್ಬರೂ ಗೆದ್ದವರ ಹಾಗೆ ತಿರುಗಿದೆವು.

"ಹೊಸಲು ಐತೆ, ಕಾಲು ಜೋಪಾನ" ಅಂದರು ಅವರು. ಮೀಟರಿನ ಜೆಲ್ಲಿ ಒರೆಸತೊಡಗಿದರು.

ಮಗ್ಗದಲ್ಲಿದ್ದ ಆಯಮ್ಮ ನಮ್ಮ ಮೆರವಣಿಗೆ ದಾಟಲೆಂದು ಕಾಲು ಹಿಂದೆಳೆದುಕೊಂಡು ನಕ್ಕರು. ಇನ್ನು ಮರಳಿ ಹೋಗುವುದು ಹೇಗೆ? ಸಂತೆಯಲ್ಲಿ ಎದ್ದು ಬಂದವನು ತಾನಾಗಿ ಹಿಂದಿರುಗಿದರೆ ಆ ಅಂಗಡಿಯವನ ಮುಂದೆ ಮುಂದೆಂದೂ ತಲೆ ಎತ್ತುವಂತಿಲ್ಲ. ಚಳ್ಳಕೆರೆಯಲ್ಲೇ ಇನ್ನೊಬ್ಬ ಕೊರೆಯುವವನನ್ನು ಹುಡುಕಿದೆವು. ಅವನು ಬಂಗಾರದಂಥ ಮನುಷ್ಯ. ಗೋಡೆ ಅಳೆಯಲಿಲ್ಲ, ಪಿಸ್ಟನ್ ಕೇಳಲಿಲ್ಲ.

"ಎರಡು ಮಿಲಿಮೀಟರಾ? ಮಾಡಾನ ಬಿಡ್ರಿ."

"ಕೊಸರು?"

"ನಿಮಗಿಲ್ದೆ ಇನ್ಯಾರಿಗೆ ಅಣ್ಣ! ಹಾಕ್ತೀನಿ."

ಎಷ್ಟು ಖುಷಿಯಾಯಿತೆಂದರೆ ಅವನಿಗೆ ಒಂದು ಡಬ್ಬ ಶೇಂಗಾ ಎಣ್ಣೆ ಕೊಟ್ಟು ಬಂದೆ.

ಹದಿನೈದು ದಿನಕ್ಕೆ ಹೊಸ ಪಿಸ್ಟನ್ ಬಂದವು, ಸರಿಯಾಗಿ ಎರಡು ಮಿಲಿಮೀಟರ್ ದೊಡ್ಡವು. ಪಿಸ್ಟನ್ ಮಾಡಿದವರಿಗೆ ನಮ್ಮ ಕೊಸರಿನ ವಿಷಯ ಯಾರೂ ತಿಳಿಸಿರಲಿಲ್ಲ. ಮೆಕ್ಯಾನಿಕ್ ಒಂದನ್ನು ತೂತಿಗೆ ಇಳಿಸಿ ಅಲ್ಲಾಡಿಸಿದ. ಅದು ಗಂಟೆಯ ನಾಲಗೆಯ ಹಾಗೆ ಆಡಿತು.

"ಯಾರಣ್ಣ ಇದನ್ನ ಇಷ್ಟು ತೆಗೆಸಿದ್ದು?"

ತಮ್ಮ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮೆಕ್ಯಾನಿಕ್‌ಗೆ ಅನುಮಾನ ಬಂತು. ಬ್ಲಾಕಿನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಬಿಸಿ ನೀರು ತುಂಬಿ, ಪಂಪಿನಲ್ಲಿ ಗಾಳಿ ಒತ್ತಿದ. ಮೊದಲನೆಯದು ಒಣಗಿತ್ತು, ಎರಡನೆಯದೂ ಒಣಗಿತ್ತು. ಮೂರನೆಯದರ ತೆಳು ಮಗ್ಗುಲಲ್ಲಿ ಸಾಸಿವೆ ಗಾತ್ರದ ಹನಿ ಮೂಡಿತು. ನೋಡನೋಡುತ್ತ ಅದರ ಪಕ್ಕ ಇನ್ನೊಂದು.

"ಬೆವರ್ತಾ ಐತೆ" ಅಂದ ಮೆಕ್ಯಾನಿಕ್. "ಇದರ ಮೇಲೆ ಟರ್ಬೊ ಹಾಕಿ ಓಡ್ಸಿದ್ರೆ ಗೋಡೆ ಬಿರಿದು, ಪಿಸ್ಟನ್ ಚೂರಾಗಿ, ನೀವು ಟ್ರ್ಯಾಕ್ಟರ್ ಹುಡುಕಬೇಕಾಗ್ತಿತ್ತು. ಈಗ್ಲೇ ಗೊತ್ತಾಗಿದ್ದು ಎದುರಿಗೆ ಬರೋರ ಪುಣ್ಯ."

ತಮ್ಮ ಆ ಹನಿಗಳನ್ನು ಬೆರಳಲ್ಲಿ ಒರೆಸಿದ. ಮತ್ತೆ ಮೂಡಿದವು. ಬಯ್ಯುತ್ತಾನೆ ಅಂತ ಕಾದೆ, ಬಯ್ಯಲಿಲ್ಲ. "ಅಪ್ಪ ಇದರ ಬಾನೆಟ್ಟನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಅಲ್ವಾ ಅಣ್ಣ" ಅಂದ, ಅಷ್ಟೇ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ನಾನೇ ಗೂಡ್ಸ್ ಆಟೋ ಕರೆಸಿದೆ. ದಾರಿಯ ಕೊಂಡ್ಲಹಳ್ಳಿ ದಾಟುವವರೆಗೆ ಮೇಸ್ತ್ರಿಗೆ ಏನು ಹೇಳುವುದೆಂದು ಮಾತು ಜೋಡಿಸಿದೆ, ಶೆಡ್ಡಿನ ಮುಂದೆ ಇಳಿದವನು ಮೂರನೇ ಸಿಲಿಂಡರನ್ನು ಬೆರಳಿಟ್ಟು ತೋರಿಸಿದೆ. ಮೇಸ್ತ್ರಿ ಮೂರನೇ ಸಿಲಿಂಡರಿನೊಳಗೆ ಬೆರಳಾಡಿಸಿ, ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿದರು. ಆಯಮ್ಮ ಮಜ್ಜಿಗೆ ತಂದುಕೊಟ್ಟರು.

"ಕುಡೀರಿ ಸಾವ್ಕಾರ್ರೇ, ಬ್ಲಾಕ್ ಸತ್ತಿಲ್ಲ. ನಾಲ್ಕಕ್ಕೂ ಲೈನರ್ ಹಾಕ್ತೀನಿ. ಅಂದ್ರೆ ಹಳೇ ಗೋಡೆಯೊಳಗೆ ಹೊಸ ಕಬ್ಬಿಣದ ಕೊಳವೆ ಕೂರಿಸೋದು. ಅದನ್ನ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೇ ಕೊರೀತೀನಿ. ಆದ್ರೆ ಒಂದು ಷರತ್ತು."

"ಹೇಳ್ರಿ."

"ಕೆಲಸ ಮುಗಿಯೋ ತನಕ ನೀವು ಬಾಯಿ ಬಿಡಂಗಿಲ್ಲ."

ಆ ಅಳತೆಯ ಪಿಸ್ಟನ್ ತಂದುಕೊಟ್ಟ ಮೇಲೆ ಎರಡು ದಿನ ತಮ್ಮನ ಜೊತೆ ಆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಟಾನ್ಸಿಲ್ ತೆಗೆಸಿದಾಗ ಮಾತ್ರ. ಲೈನರುಗಳನ್ನು ಬಿಗಿಯಾಗಿ ಕೂರಿಸಿದ ಮೇಲೆ ಮೇಸ್ತ್ರಿ ಬ್ಲಾಕಿನ ತಲೆಗೆ ಒಂದು ದಪ್ಪ ಕಬ್ಬಿಣದ ತಟ್ಟೆ ಇಟ್ಟು ಬೋಲ್ಟ್ ಬಿಗಿದರು. ತಟ್ಟೆಯಲ್ಲೂ ನಾಲ್ಕು ತೂತು. ಇದ್ಯಾಕೆ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರಿಗೇ ಕರುಣೆ ಬಂತು.

"ಇಂಜಿನ್ ಕಟ್ಟೋವಾಗ ಮೇಲಿನ ಹೆಡ್ ಬಿಗೀತಾರಲ್ಲ, ಆ ಬಿಗಿತಕ್ಕೆ ತೂತು ಒಂಚೂರು ಸೊಟ್ಟಗಾಗ್ತದೆ. ಅದಕ್ಕೇ ಈಗ್ಲೇ ಅಷ್ಟೇ ಬಿಗಿದು, ಆ ಸ್ಥಿತೀಲೇ ಗುಂಡಗೆ ಮಾಡೋದು. ಮಗ್ಗದ ಮೇಲೆ ಎಳ್ದಾಗ ಬಟ್ಟೆ ಅಗಲ ಒಂದು, ಇಳಿಸ್ದಾಗ ಇನ್ನೊಂದು."

ಕೊರೆದು ಮುಗಿದ ಮೇಲೆ ಮಸೆಯುವ ಕಲ್ಲುಗಳನ್ನು ತೂತಿನಲ್ಲಿ ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿದರು. ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು ಹೆಣೆದುಕೊಂಡವು. "ಕನ್ನಡಿ ಥರ ಮಾಡಲ್ವಾ?" ಅಂದ ತಮ್ಮ.

"ಕನ್ನಡಿ ಮೇಲೆ ಎಣ್ಣೆ ನಿಲ್ತದಾ ಬಾಬು? ಈ ಗೀರಿನಲ್ಲಿ ಎಣ್ಣೆ ಕೂತ್ರೇನೇ ಪಿಸ್ಟನ್ ಜಾರೋದು. ಎಣ್ಣೆ ಮಾರೋ ಮನೇಲಿ ಹುಟ್ಟಿ ನನ್ನ ಕೇಳ್ತೀಯಲ್ಲ!"

ಕೊನೆಗೆ ಪಿಸ್ಟನ್ನಿಗೆ ಬಳೆಯಂತೆ ತೊಡಿಸುವ, ಒಂದು ಕಡೆ ಸೀಳಿರುವ ರಿಂಗುಗಳ ತುದಿಯನ್ನು ಅರದಿಂದ ಒಂಚೂರು ಉಜ್ಜಿ ಸಂದು ಹೆಚ್ಚಿಸಿದರು. ಟರ್ಬೊ ಕಾವಿಗೆ ರಿಂಗು ಬೆಳೆಯುತ್ತದಂತೆ. ತುದಿಗಳು ಒಂದಕ್ಕೊಂದು ತಾಗಿದರೆ ಮುರಿಯುತ್ತದಂತೆ. "ಇಲ್ಲಿ ತಗೊಳ್ರಿ ನಿಮ್ಮ ಕೊಸರು" ಅಂದರು ನನಗೆ. ಥ್ಯಾಂಕ್ಸ್ ಹೇಳುವುದಕ್ಕೂ ಅಪ್ಪಣೆ ಇರಲಿಲ್ಲ. ತಲೆ ಆಡಿಸಿದೆ.

ತಮ್ಮನಿಗೆ ಮೇಸ್ತ್ರಿಯಿಂದ ಎರಡು ಕಟ್ಟಪ್ಪಣೆ ಆಯಿತು. ಬದಲಾವಣೆಗೆ ಸಾರಿಗೆ ಕಚೇರಿಯಲ್ಲಿ ಅನುಮತಿ ತೆಗೆದುಕೊಳ್ಳಬೇಕು. ಮೊದಲ ಸಾವಿರ ಕಿಲೋಮೀಟರ್ ಟರ್ಬೊ ಕೆಲಸಕ್ಕೆ ಬರುವಷ್ಟು ಕಾಲು ಒತ್ತಬಾರದು, ಆಮೇಲೂ ಗಾಳಿಯ ಒತ್ತಡ ಕಡಿಮೆಯಲ್ಲೇ ಇಡಬೇಕು. ಅರ್ಜಿ ಕೊಟ್ಟು, ಓಡಾಡಿ, ಕಾಗದ ಕೈಗೆ ಬರುವಷ್ಟರಲ್ಲಿ ಶೇಂಗಾ ಸುಗ್ಗಿ ಮುಗಿದಿತ್ತು. ಎರಡು ಮಿಲಿಮೀಟರಿನ ಆ ದೊಡ್ಡ ಪಿಸ್ಟನ್ನುಗಳು ಈಗ ನಮ್ಮ ಅಂಗಡಿಯಲ್ಲಿ ಫ್ಯಾನಿನ ಗಾಳಿಗೆ ಚೀಟಿ ಹಾರದಂತೆ ಕೂತಿವೆ. ಚೀಟಿ ಒತ್ತುವುದಕ್ಕೆ ಇಷ್ಟು ಭಾರದ ವಸ್ತು ಬೇರೆ ಯಾವ ಅಂಗಡಿಯಲ್ಲೂ ಇಲ್ಲ.

ಕಾರು ಮೆಕ್ಯಾನಿಕ್‌ನ ಶೆಡ್ಡಿನಿಂದ ಮನೆಗೆ ಬಂದ ದಿನ ಅವ್ವ ಬಾಗಿಲಲ್ಲೇ ನಿಂತಿದ್ದಳು. ತಾನೇ ಓಡಿಕೊಂಡು ಬಂತು, ಹೊಗೆ ಇಲ್ಲದೆ. ದಾರಿಯಲ್ಲಿ ಎರಡು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿದವು ಎಂಬುದನ್ನು ನಾವು ಅವಳಿಗೆ ಹೇಳಲಿಲ್ಲ. ಅವ್ವ ಕಾರಿನ ಸುತ್ತ ಒಂದು ಸುತ್ತು ಬಂದು, "ಗುಜರಿಯವನಿಗೆ ಬರಬ್ಯಾಡ ಅಂತ ಹೇಳ್ತೀನಿ" ಅಂದಳು. ಹೇಳಿಟ್ಟಿದ್ದಾಳೆ ಎಂದು ನಮಗೆ ಗೊತ್ತಾದದ್ದೇ ಆಗ.

ಸಾವಿರ ಕಿಲೋಮೀಟರನ್ನು ತಮ್ಮ ಕಾಗದದಲ್ಲಿ ಗೀಟು ಹಾಕುತ್ತ ಮುಗಿಸಿದ. ಅದು ಮುಗಿದ ದಿನ ಅವ್ವನನ್ನು ಹಿಂದೆ ಕೂರಿಸಿಕೊಂಡು, ದೊಡ್ಡಉಳ್ಳಾರ್ತಿಯಲ್ಲಿ ಒಂದು ಕಾರ್ಯ ಮುಗಿಸಿ ವಾಪಸು ಬರುತ್ತಿದ್ದೆವು. ಕಾವಲಿನ ನೆಟ್ಟನೆ ರಸ್ತೆ, ಮುಂದೆ ಹಿಂದೆ ಯಾರೂ ಇಲ್ಲ. ತಮ್ಮ ನನ್ನ ಮುಖ ನೋಡಿದ. ನಾನು ಮೇಸ್ತ್ರಿಯ ಸ್ಟೂಲಿನ ಮೇಲೆ ಕೂತವನ ಹಾಗೆ ಸುಮ್ಮನಿದ್ದೆ. ಅವನು ಕಾಲನ್ನು ಒಂದಿಷ್ಟೇ ಒತ್ತಿದ. ಕಾರು ಮೆಲ್ಲಗೆ ಬೆನ್ನು ತಳ್ಳಿತು, ಬಾನೆಟ್ಟಿನೊಳಗಿಂದ ಟರ್ಬೊದ ಸಣ್ಣ ಸಿಳ್ಳು ಎದ್ದಿತು. ಮೂರನೇ ಸಿಲಿಂಡರೂ ಸೇರಿ ನಾಲ್ಕೂ ಒಂದೇ ದನಿಯಲ್ಲಿದ್ದವು. ತಮ್ಮನ ಕಣ್ಣು ಒದ್ದೆಯಾಯಿತು.

ಅವ್ವ ಸೆರಗು ಸರಿಮಾಡಿಕೊಂಡು ಹಿಂದಿನ ಗಾಜಿನಲ್ಲಿ ಕತ್ತು ಹೊರಳಿಸಿ ನೋಡಿದಳು.

"ಯಾವನೋ ಅವನು, ಹೆಂಗಸ್ರು ಕೂತಿರೋ ಕಾರು ನೋಡಿ ಸಿಳ್ಳು ಹೊಡೆಯೋನು?"

ತಮ್ಮ ಗಾಬರಿಯಾಗಿ ಕಾಲು ತೆಗೆದ. ಸಿಳ್ಳು ನಿಂತಿತು.

"ನಾನು ತಿರುಗಿ ನೋಡಿದ್ದೇ ತಡ, ಹುಲ್ಲಿನಾಗೆ ಅಡಗಿಬಿಟ್ಟ" ಅಂದಳು ಅವ್ವ. ಊರು ಬರುವವರೆಗೂ ಆ ಕಡೆ ಒಂದು ಕಣ್ಣಿಟ್ಟೇ ಇದ್ದಳು.