ನಲವತ್ತು ನಿಮಿಷ ಕೇಳಿದ ರಂಜನಾ

ನನ್ನ ಕೈ ತಾಗಿ ಸತ್ತ ಯಂತ್ರ ಈ ಭೂಮಿಯ ಮೇಲಿಲ್ಲ. ಬೆಳಂಬಾರದ ಐಸ್ ಫ್ಯಾಕ್ಟರಿಯಲ್ಲಿ ಮೂವತ್ತೆಂಟು ವರ್ಷ ಕಂಪ್ರೆಸರ್ ನೋಡಿಕೊಂಡ ಜಟ್ಟು ನಾನು. ಬಾಗಿಲಲ್ಲಿ ನಾನು ಕೆಮ್ಮಿದರೆ ಒಳಗಿನ ಮೋಟಾರು ಎದ್ದು ನಿಲ್ಲುತ್ತಿತ್ತು. ನಾನು ಕಟ್ಟಿದ ಐಸು ಎಷ್ಟು ಗಟ್ಟಿಯೆಂದರೆ, ಒಮ್ಮೆ ಬೋಟಿನವರು ಅದನ್ನೇ ಲಂಗರು ಮಾಡಿ ಮೂರು ದಿನ ಮೀನು ಹಿಡಿದು ಬಂದಿದ್ದರು. ಈ ಮಾತಿಗೆ ತಲೆದೂಗದವಳು ಒಬ್ಬಳೇ, ಕದ್ವಾಡದ ರಂಜನಾ.

"ಅಜ್ಜಾ, ಐಸು ತೇಲ್ತದೆ" ಅಂದಿದ್ದಳು.

ಕಾರವಾರದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಅವಳು ಕೆಲಸಕ್ಕಿದ್ದಳು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು, ಕೊನೆಗೆ ಸಿಕ್ಕಿದ ಕೆಲಸ. ಅದೂ ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವ ಕರಾರು. ನಮ್ಮ ಯಜಮಾನ ಮಂಗೇಶ 2007ರಲ್ಲಿ ಫ್ಯಾಕ್ಟರಿಯ ಗೋಡೆಗೆ ಬೆರಳಲ್ಲಿ ಮುಟ್ಟಿ ನಡೆಸುವ ಕಂಪ್ಯೂಟರು ಕೂರಿಸಿದ್ದ. ಉಪ್ಪುನೀರಿನ ಟಾಂಕಿ ಎಷ್ಟು ತಂಪಾಗಿದೆ, ಯಾವ ಮೋಟಾರು ಓಡುತ್ತಿದೆ, ಎಲ್ಲ ಆ ಪರದೆಯ ಮೇಲೆ. ನಾನು 'ಬಂದ್' ಮುಟ್ಟಿದರೆ ಅದು 'ಚಾಲೂ' ಆಗುತ್ತಿತ್ತು. ರಂಜನಾ ಬಂದು ಪರದೆಯ ನಾಲ್ಕು ಮೂಲೆ ಮತ್ತು ನಡುವೆ ಒಂದೊಂದು ಗುರುತು ಮೂಡಿಸಿ, ನನ್ನ ಬೆರಳನ್ನೇ ಹಿಡಿದು ಒತ್ತಿಸಿದಳು. ಆಮೇಲೆ ಸರಿಹೋಯಿತು. ನಾನು ಊರಿಗೆಲ್ಲ ನಾನೇ ರಿಪೇರಿ ಮಾಡಿದೆ ಅಂದೆ.

ಆದರೆ ಕೆಲವೇ ತಿಂಗಳಲ್ಲಿ ಅದು ದಿನಕ್ಕೆ ನಾಲ್ಕು ಸಲ ಹ್ಯಾಂಗಾಗತೊಡಗಿತು. ಒಳಗಿನ ಹಳೆಯ ಆಪರೇಟಿಂಗ್ ಸಿಸ್ಟಮ್ ಅಳಿಸಿ ಹೊಸದು ಹಾಕಬೇಕಂತೆ. ಅದನ್ನು ತಕರಾರಿಲ್ಲದೆ ಮುಗಿಸಿದರೆ ಕಾಯಂ ಪತ್ರ ಕೊಡುತ್ತೇನೆಂದು ಅವಳ ಸಾಹೇಬರು ಹೇಳಿದ್ದರು. ಫ್ಯಾಕ್ಟರಿ ನಿಲ್ಲುವುದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಅವತ್ತೇ ಬಂದಳು. ಹೊಸ ಸಿಸ್ಟಮ್ ತುಂಬಿದ, ಬಿಸ್ಕೀಟಿನಷ್ಟು ಚಿಕ್ಕ ಕಾರ್ಡೊಂದನ್ನು ಊಟದ ಡಬ್ಬಿಯೊಳಗೆ ಬಟ್ಟೆ ಸುತ್ತಿ ತಂದಿದ್ದಳು.

"ಯುಪಿಎಸ್ ಎಲ್ಲಿ ಅಜ್ಜಾ?"

ಅದು ಮಣೆಯ ಮೇಲೆ ಕೂತಿತ್ತು. ಸ್ಪಾನರು, ಸುತ್ತಿಗೆ, ಐಸು ಒಡೆಯುವ ಹಾರೆ, ಎಲ್ಲದರ ನಡುವೆ, ಕುಂಕುಮ ಹಚ್ಚಿಸಿಕೊಂಡು, ಗೊಂಡೆಹೂವಿನ ಮಾಲೆ ಹಾಕಿಕೊಂಡು, ಮದುಮಗನ ಹಾಗೆ.

"ಅದನ್ನ ಸ್ವಲ್ಪ ಕೊಡಿ. ನಡುವೆ ಕರೆಂಟು ಹೋದ್ರೆ ಪರದೆ ಸತ್ತೇ ಹೋಗ್ತದೆ."

ಮಂಗೇಶನ ತಾಯಿ ಮಾದೇವಿ ಕೈ ಅಡ್ಡ ಹಿಡಿದಳು. "ಪೂಜೆಗೆ ಕೂತದ್ದನ್ನ ಎಬ್ಬಸೂಕಾಗ, ತಂಗೀ. ನಿಂಗೆ ನಾಳೆ ಬರೂಕೆ ಎಂತಾಗಿತ್ತು?"

"ನಾಳೆ ನಿಮ್ಮ ಮಿಶನ್ನು ನಿಲ್ಲಸ್ತ್ರಿ ಹೌದನಾ?" ರಂಜನಾ ನನ್ನ ಕಡೆ ತಿರುಗಿದಳು. "ಅಜ್ಜಾ, ನಲವತ್ತು ನಿಮಿಷ. ಅಷ್ಟರ ತನಕ ಮೇನ್ ಸ್ವಿಚ್ಚು ಯಾರೂ ಮುಟ್ಟೂಕಾಗ."

"ಹನುಮಂತ ಬಂದ್ರೂ ಮುಟ್ಟೂಕೆ ಬಿಡೂದಿಲ್ಲ" ಅಂದೆ. ಸ್ವಿಚ್ಚಿನ ಪಕ್ಕದಲ್ಲೇ ಕಾವಲು ನಿಂತೆ.

ಪರದೆಯ ಮೇಲೆ ನೀಲಿ ಪಟ್ಟಿಯೊಂದು ಬೆಳೆಯುತ್ತಿತ್ತು. ಬಸವನಹುಳು ಅದನ್ನು ನೋಡಿದ್ದರೆ ತಾನು ಎಕ್ಸ್‌ಪ್ರೆಸ್ ರೈಲೆಂದು ತಿಳಿಯುತ್ತಿತ್ತು. ರಂಜನಾ ರೆಪ್ಪೆ ಮಿಟುಕಿಸದೆ ಕೂತಿದ್ದಳು. ಅರ್ಧ ದಾಟಿತು. ಅಷ್ಟರಲ್ಲಿ ಭಟ್ಟರು ಆರತಿ ಎತ್ತಿದರು, ಗಂಟೆ ಬಾರಿಸಿದರು.

ಮೂವತ್ತೆಂಟು ವರ್ಷದಿಂದ ನಮ್ಮಲ್ಲೊಂದು ರೂಢಿ. ಆರತಿಯ ಗಂಟೆಗೆ ಮೇನ್ ಇಳಿಸಬೇಕು. ಆರತಿ ತೆಗೆದುಕೊಳ್ಳುವಾಗ ಒಂದು ಯಂತ್ರವೂ ದುಡಿಯಬಾರದು. ಇಳಿಸುವ ಮಾನ ನನ್ನದು. ಗಂಟೆ ಕೇಳಿತು, ಕೈ ಮೇಲೆ ಹೋಯಿತು, ಹಿಡಿಕೆ ಕೆಳಗೆ ಬಂತು. ನನ್ನನ್ನು ಕೇಳಲೇ ಇಲ್ಲ.

ಪರದೆ ಕಪ್ಪಾಯಿತು. ರಂಜನಾ ತಿರುಗಿ ನೋಡಿದಾಗ ನನ್ನ ಕೈ ಹಿಡಿಕೆಯ ಮೇಲೇ ಇತ್ತು.

ಮತ್ತೆ ಮೇನ್ ಹಾಕಿದೆ. ಕೆಮ್ಮಿದೆ ಕೂಡ. ಏನೂ ಏಳಲಿಲ್ಲ. ಅವಳು ಕಾರ್ಡು ತೆಗೆದಳು, ಹಾಕಿದಳು, ಪೆಟ್ಟಿಗೆ ಬಿಚ್ಚಿದಳು, ಪರದೆ ತಯಾರಿಸಿದ ಪುಣೆಯ ಕಂಪನಿಗೆ ಫೋನು ಹಚ್ಚಿದಳು. ಒಳಗಿನ ಬೋರ್ಡೇ ಬದಲಿಸಬೇಕು, ಬರಲು ಮೂರು ವಾರ ಅಂದರು. ಮಧ್ಯಾಹ್ನ ಮಂಗೇಶ ಫೋನು ಹಿಡಿದುಕೊಂಡು ಬಂದ. ಆ ತುದಿಯಲ್ಲಿ ಕಾರವಾರದ ಸಾಹೇಬರು.

"ಎಂತಾಯ್ತು ಅಂತ ಕೇಳ್ತಾ ಇದ್ರು."

ರಂಜನಾ ನನ್ನನ್ನು ನೋಡಿದಳು. "ಅಜ್ಜಾ, ನೀವೇ ಹೇಳಿ."

ಸಮುದ್ರದ ನೀರೆಲ್ಲ ಒಂದೇ ಗುಟುಕಿಗೆ ಕುಡಿದೆನೆಂದು ಹೇಳಬಲ್ಲ ಬಾಯಿ ಇದು. "ಕರೆಂಟು ಹೋಯ್ತು" ಅಂದಿತು.

ಮಂಗೇಶ ಅಷ್ಟನ್ನೇ ಫೋನಿಗೆ ಹೇಳಿದ. ಯುಪಿಎಸ್ ಇಲ್ಲದೆ ಶುರು ಮಾಡಿದ್ದೇಕೆ ಎಂದು ಸಾಹೇಬರು ಕೇಳಿದರಂತೆ. ಅದರ ಉತ್ತರ ಮಣೆಯ ಮೇಲೆ ಮಾಲೆ ಹಾಕಿಕೊಂಡು ಕೂತಿತ್ತು. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದರು. ಮಾದೇವಿ ಅವಳಿಗೆ ಊಟಕ್ಕೆ ಏಳು ಅಂದಳು. ಅವಳು ಏಳಲಿಲ್ಲ, ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿದಳು.

ಸಂಜೆ ಬಸ್ಸಿಗೆ ನಿಂತಿದ್ದಾಗ ನಾನು ಹಿಂದಿನಿಂದ ಹೋದೆ. ಎಲೆಯಲ್ಲಿ ಪಂಚಕಜ್ಜಾಯ ಕಟ್ಟಿಕೊಂಡಿದ್ದೆ. ನಿಜ ಹೇಳಿದ್ದರೆ ನನಗೆ ಆಗುತ್ತಿದ್ದದ್ದು ನಾಲ್ಕು ಜನರ ನಗೆ, ಅಷ್ಟೇ. ಈಗಲೂ ಮಂಗೇಶನ ಫೋನು ದೂರವಿರಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತು.

"ಬೇಜಾರ ಮಾಡ್ಕಣಬೇಡ, ತಂಗೀ" ಅಂದೆ. "ಮುಂದಿನ ವರ್ಷ ಪೂಜೆಗೆ ಬಾ. ಯುಪಿಎಸ್ಸನ್ನ ಮಣೆ ಮೇಲೆ ಇಡೂಕೆ ನಾ ಬಿಡೂದಿಲ್ಲ."

ಅವಳು ಪಂಚಕಜ್ಜಾಯ ತೆಗೆದುಕೊಂಡಳು. ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು.

"ಯುಪಿಎಸ್ಸು ಇರಲಿ, ಅಜ್ಜಾ. ಮುಂದಿನ ವರ್ಷ ನಿಮ್ಮ ನಾಲಗೆಗೂ ಕುಂಕುಮ ಹಚ್ಚಿ ಮಣೆ ಮೇಲೆ ಕೂರ್ಸಿ. ವರ್ಷವೆಲ್ಲ ದುಡೀತದೆ, ಪಾಪ. ಇವತ್ತೊಂದೇ ದಿನ ರಜೆ ಹಾಕಿತ್ತು."