ಮೊದಲ ಸಾಲು ಅವಳದು

ಆ ಹಾಡಿನ ಹುಡುಗಿ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ನಡುವೆ ಎಲ್ಲಾದರೂ ನನಗೆ ನಾನೇ ಒಂದು ಸಮಾಧಾನ ಹುಡುಕಿಕೊಂಡು ಕೂತುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು. ಕುಮಟಾದಿಂದ ಭಟ್ಕಳದವರೆಗೆ ಒಂದು ಕಾಲಕ್ಕೆ ಟೆಂಪೋಗಳಲ್ಲಿ, ಮೊಬೈಲ್ ಅಂಗಡಿಗಳಲ್ಲಿ, ಮದುವೆ ಮನೆಯ ಮೈಕಿನಲ್ಲಿ ಕೇಳುತ್ತಿದ್ದ ‘ಬಾಯಿ ಮಾತ್ರ ಆಡಿಸಿದ ಹುಡುಗಿಯೇ, ಬಾ’ ಎನ್ನುವ ಹಾಡನ್ನು ಬರೆದವಳೂ ನಾನೇ, ಹಾಡಿದವಳೂ ನಾನೇ. ಚಿಕ್ಕಂದಿನಲ್ಲಿ ನನ್ನ ದನಿಯನ್ನು ಯಾರೋ ಅಡಗಿಸಿದ್ದರು, ಈಗ ದೊಡ್ಡವಳಾಗಿ ಆ ಚಿಕ್ಕವಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡುತ್ತಿದ್ದೇನೆ — ಕೇಳಿದವರೆಲ್ಲ ಹಾಗೆಂದುಕೊಂಡರು. ನಾನೂ ಅಲ್ಲ ಅನ್ನಲಿಲ್ಲ. ಆದರೆ ನನ್ನ ದನಿಯನ್ನು ಯಾರೂ ಅಡಗಿಸಿರಲಿಲ್ಲ. ಅಡಗಿಸಿದವಳು ನಾನು, ಇನ್ನೊಬ್ಬಳದ್ದನ್ನು.

ಅವಳ ಹೆಸರು ಮಾದೇವಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಕುಮಟಾದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನನ್ನ ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವಳು ಅಘನಾಶಿನಿ ಎಂಬ ಹೊಳೆಬದಿಯ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಮನೆಯವರು ನೀರು ಇಳಿದಾಗ ಹೊಳೆಗೆ ಹೋಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು. ಕುತ್ತಿಗೆಯ ತನಕ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡಕಿ ಚಿಪ್ಪು ತೆಗೆಯುವ ಕೆಲಸ ಅದು. ಒಮ್ಮೆ ನೀರಿಗಿಳಿದರೆ ಹೊತ್ತಿನ ಮೇಲೆ ಗಮನ ಇರುವುದಿಲ್ಲ. ಅದಕ್ಕೇ ಅವರ ಕೇರಿಯಲ್ಲಿ ಒಂದು ರೂಢಿ ಇತ್ತು. ಗಟ್ಟಿ ದನಿಯ ಮಗು ಒಂದನ್ನು ಕಟ್ಟೆಯ ಮೇಲೆ ನಿಲ್ಲಿಸುವುದು. ನೀರು ಮರಳಿ ಏರತೊಡಗಿದ್ದು — ಅದಕ್ಕೇ ಭರತ ಅನ್ನುವುದು — ಕಂಡರೆ ಆ ಮಗು ‘ಭರತ ಬಂತೂ’ ಎಂದು ಎಳೆದು ಕೂಗಬೇಕು. ಮಾದೇವಿ ಐದು ವರ್ಷದವಳಿದ್ದಾಗಿನಿಂದ ಅದನ್ನು ಕೂಗಿದವಳು. ಅವಳು ತರಗತಿಯಲ್ಲಿ ‘ಹಾಜರ್’ ಎಂದರೆ ಪಕ್ಕದ ತರಗತಿಯ ಹುಡುಗರು ತಿರುಗಿ ನೋಡುತ್ತಿದ್ದರು.

ನಾನೂ ಹಾಡುತ್ತಿದ್ದೆ. ಸಂಗೀತ ಕ್ಲಾಸಿಗೆ ಹೋಗುತ್ತಿದ್ದೆ, ಬಹುಮಾನದ ಸ್ಟೀಲ್ ಲೋಟಗಳು ಮನೆ ತುಂಬ ಇದ್ದವು. ಶಾಲೆಯಲ್ಲಿ ಹಾಡು ಎಂದರೆ ವನಿತಾ, ವನಿತಾ ಎಂದರೆ ಹಾಡು — ಹಾಗೆಂದು ಬೇರೆ ಯಾರೂ ಹೇಳುತ್ತಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ನಮ್ಮ ಅಕ್ಕೋರು ತಾವೇ ಒಂದು ಹಾಡು ಕಟ್ಟಿದರು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎಂದೇ ಕರೆಯುವುದು. ‘ಏಳು ಏಳು ಕಡಲ ಮಗಳೇ, ಭರತ ಬಂತು ನೋಡೇ’ ಎಂದು ಹಾಡಿನ ಮೊದಲ ಸಾಲು. ಅದನ್ನು ಒಬ್ಬಳೇ ಎತ್ತಬೇಕು, ಉಳಿದವರು ಆಮೇಲೆ ಸೇರಬೇಕು. ತಾಲೀಮಿನಲ್ಲೆಲ್ಲ ಆ ಸಾಲನ್ನು ಎತ್ತಿದ್ದು ನಾನೇ; ಯಾರೂ ಹೇಳುವ ಮೊದಲೇ ಎತ್ತಿಕೊಂಡಿದ್ದೆ. ಕೊನೆಯ ದಿನ ಮಾದೇವಿ ಶಾಲೆಗೆ ಬಂದಿರಲಿಲ್ಲ. ಅಂದು ಅಕ್ಕೋರು ನನ್ನನ್ನು ಕರೆದು ಹೇಳಿದರು: “ತಂಗಿ, ನಾಳೆ ಮೊದಲ ಸಾಲು ಮಾದೇವಿ ಎತ್ತಲಿ. ಅದು ಕೂಗಿನ ಸಾಲು, ಅವಳ ದನಿಗೇ ಸಮ. ಬೆಳಿಗ್ಗೆ ಬಂದ ಕೂಡಲೆ ಅವಳಿಗೆ ಹೇಳ್ಬಿಡು.”

ನಾನು ಹೇಳಿದೆ. ಮರುದಿನ ವೇದಿಕೆಯ ಹಿಂದೆ, ಎಲ್ಲರೂ ಜಡೆಗೆ ಅಬ್ಬಲಿಗೆ ಮುಡಿಯುತ್ತಿದ್ದಾಗ, ಅವಳನ್ನು ಬದಿಗೆ ಕರೆದು ಹೇಳಿದೆ — ಅಕ್ಕೋರು ಹೇಳಿದ್ದನ್ನಲ್ಲ. “ಅಕ್ಕೋರು ಹೇಳಿದ್ರು, ನೀ ಬರೀ ಬಾಯಿ ಆಡ್ಸು, ದನಿ ತೆಗೀಬೇಡ. ನಿನ್ನ ದನಿ ಕೂಗಿದ ಹಂಗೆ ಕೇಳ್ತದೆ ಅಂತೆ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ “ಆತು” ಎಂದಳು. ಅಷ್ಟೇ.

ವೇದಿಕೆಯ ಮೇಲೆ ಅಕ್ಕೋರು ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತ ಮಾದೇವಿಯ ಕಡೆ ತಲೆ ಆಡಿಸಿದರು. ಅವಳು ಬಾಯಿ ತೆರೆದಳು — ಎಷ್ಟು ಶ್ರದ್ಧೆಯಿಂದ ತೆರೆದಳೆಂದರೆ, ಅಂದು ತೆಗೆದ ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ತೆರೆದದ್ದು ಅವಳ ಬಾಯಿಯೇ. ದನಿ ಮಾತ್ರ ಹೊರಡಲಿಲ್ಲ. ಮುಂದೆ ಕೂತವರಲ್ಲಿ ಯಾರೋ ನಕ್ಕರು. ನಾನು ಸಾಲನ್ನು ಎತ್ತಿಕೊಂಡೆ, ಚಪ್ಪಾಳೆಯೂ ಬಿತ್ತು. ಆಮೇಲೆ ಅಕ್ಕೋರು “ಅವಳಿಗೆ ಎಂತ ಆತೆ?” ಎಂದು ಕೇಳಿದಾಗ “ಹೆದರಿಕೆ ಆತಂತೆ ಅಕ್ಕೋರೆ” ಎಂದೆ. ಒಂದು ಸುಳ್ಳನ್ನು ನಿಲ್ಲಿಸಲು ಇನ್ನೊಂದನ್ನು ಆನಿಸಿ ಇಟ್ಟೆ. ಮನೆಗೆ ಹೋಗಿ ಚೆನ್ನಾಗಿ ಉಂಡು ಮಲಗಿದೆ — ಇದನ್ನೂ ಹೇಳಬೇಕು.

ಆ ವರ್ಷದ ರಜೆಯಲ್ಲಿ ಗೆಳತಿಯರ ಜೊತೆ ಅಘನಾಶಿನಿಗೆ ಹೋಗಿದ್ದೆ. ಮಾದೇವಿ ಕಟ್ಟೆಯ ಮೇಲೆ ನಿಂತಿದ್ದಳು. ನೀರು ಏರತೊಡಗಿತು. ಅವಳು ಕೂಗಲಿಲ್ಲ. ಕಾಲ ಬಳಿ ಇದ್ದ ಎಣ್ಣೆಯ ತಗಡಿನ ಡಬ್ಬವನ್ನು ಎತ್ತಿ ಕೋಲಿನಿಂದ ಬಡಿದಳು. ಹೊಳೆಯಲ್ಲಿದ್ದವರು ತಲೆ ಎತ್ತಿ ದಡಕ್ಕೆ ಹೊರಟರು. “ಈ ಹುಡ್ಗಿಗೆ ಎಂತ ಆಗಿದ್ಯೋ ಕಾಣೆ, ಗಂಟಲು ಕಟ್ಟಿದ ಹಂಗೆ ಇರ್ತದೆ” ಎಂದು ಅವಳ ಅವ್ವ ನಮಗೆ ಬಳಚಿನ ಸುಕ್ಕ ಬಡಿಸುತ್ತ ಹೇಳಿದಳು. ನಾನು ತಲೆ ತಗ್ಗಿಸಿ ತಿಂದೆ. ಎಂತ ಆಗಿದೆ ಎಂದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ವರ್ಷಗಳು ಹೋದವು. ಅವಳಿಗೆ ಹಳದೀಪುರಕ್ಕೆ ಮದುವೆಯಾಯಿತಂತೆ. ನಾನು ಹೊನ್ನಾವರದ ಒಂದು ಬಟ್ಟೆ ಅಂಗಡಿಯಲ್ಲಿ ಹಗಲು ಸೀರೆ ಬಿಡಿಸಿ ತೋರಿಸುತ್ತಿದ್ದೆ, ರಜೆ ಸಿಕ್ಕಾಗ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಕೀಬೋರ್ಡಿನವ ಹೆಬಳೆಯ ಗಣಪಣ್ಣ. ಭಟ್ಕಳದಲ್ಲಿ ಅವನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದ. ಬೇರೆಯವರ ಹಾಡು ಹಾಡಿ ಸಾಕಾಯಿತು, ನಮ್ಮದೇ ಒಂದು ಸಿಡಿ ಮಾಡುವ ಎಂದು ಅವನೇ ಹೊರಟ. “ಪ್ರೀತಿ ಪ್ರೇಮ ಬೇಡ ತಂಗಿ, ಅದು ಎಲ್ಲರ ಹತ್ರ ಅದೆ. ನಿನ್ನ ಮನ್ಸಿಗೆ ಸಣ್ಣಕಿದ್ದಾಗ ನೋವಾದದ್ದು ಎಂತಾದ್ರೂ ಬರಿ” ಎಂದ.

ನನಗೆ ನೋವಾದದ್ದು ಏನಿತ್ತು? ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿದ್ದು ಬಿಟ್ಟರೆ ನನ್ನ ಬಾಲ್ಯಕ್ಕೆ ಗಾಯವೇ ಇರಲಿಲ್ಲ. ಸುಖವಾಗಿ ಬೆಳೆದವಳು ನಾನು. ಕಾಗದದ ಮುಂದೆ ಕೂತಾಗ ಕಣ್ಣ ಮುಂದೆ ಬಂದದ್ದು ಅಗಲವಾಗಿ ತೆರೆದ ಒಂದು ಬಾಯಿ. ಬರೆದುಬಿಟ್ಟೆ —

ಬಾಯಿ ಮಾತ್ರ ಆಡಿಸಿದ ಹುಡುಗಿಯೇ, ಬಾ
ಯಾರೂ ಇಲ್ಲ ಈಗ, ಬಾಗಿಲು ತೆರೆದಿದೆ
ಅಂದು ನುಂಗಿದ ಹಾಡನ್ನು ಇಂದು ಹಾಡೋಣ
ತಪ್ಪು ನಿನ್ನದಲ್ಲ, ನಿನ್ನದಲ್ಲ.

ಮುಂದಿನ ಚರಣಗಳಲ್ಲಿ ಆ ಹುಡುಗಿಯನ್ನು ‘ನಾನು’ ಎಂದೇ ಬರೆದೆ. ಗಣಪಣ್ಣ ಕುಣಿದಾಡಿದ. ಅವನು ಆ ಹಾಡಿಗೆ ಏನೇನು ಸೇರಿಸಿದ ಎಂದರೆ — ಕೆಳಗೆ ಡಿಸ್ಕೋ ತಾಳ, ಮೇಲೆ ಯಕ್ಷಗಾನದ ಚಂಡೆಯ ಒಂದು ಬಿಡ್ತಿಗೆ ನುಡಿತ, ನಡುವೆ ಎರಡು ಸಾಲು ಕೊಂಕಣಿ, ಕೊನೆಗೆ ಕವ್ವಾಲಿಯ ಚಪ್ಪಾಳೆ. ಕಲಸುಮೇಲೋಗರ ಎಂದು ನಕ್ಕೆ. ಕೇಳಿದರೆ ಮೈ ಜುಮ್ಮೆಂದಿತು. “ಇನ್ನೊಂದು ಎಂತದೋ ಬೇಕು” ಎಂದು ಅವನು ತಲೆ ಕೆರೆದಾಗ, ತಗಡಿನ ಡಬ್ಬ ಬಡಿದು ನೋಡು ಎಂದವಳು ನಾನೇ. ಅದನ್ನೂ ಬಿಡಲಿಲ್ಲ ನಾನು.

ಹಾಡು ಹಬ್ಬಿತು. ಭಟ್ಕಳದ ಹುಡುಗರು ಮೊಬೈಲಿಗೆ ರಿಂಗ್‌ಟೋನ್ ಹಾಕಿಸಿಕೊಂಡರು. ಅಂಗಡಿಗೆ ಬಂದ ಹೆಂಗಸರು ಸೀರೆ ನೋಡುವುದನ್ನು ಬಿಟ್ಟು ನನ್ನ ಗಲ್ಲ ಸವರಿ, “ಎಷ್ಟು ಕಷ್ಟ ನೋಡಿದ್ಯೇನೋ ತಂಗಿ” ಎಂದರು. ತಮ್ಮ ತಮ್ಮ ಚಿಕ್ಕಂದಿನ ಸಂಗತಿಗಳನ್ನು ಹೇಳಿ ಹಗುರವಾದರು. ನನಗೆ ಹಿತವಾಗಿತ್ತು. ಸುಳ್ಳೇಕೆ ಹೇಳಲಿ, ಬಹಳ ಹಿತವಾಗಿತ್ತು.

ಒಂದು ಮಧ್ಯಾಹ್ನ ಮಾದೇವಿ ಅಂಗಡಿಯ ಮೆಟ್ಟಿಲು ಹತ್ತಿದಳು. ಜೊತೆಯಲ್ಲಿ ಪುಟ್ಟ ಮಗಳು. ನನ್ನ ಎರಡೂ ಕೈ ಹಿಡಿದುಕೊಂಡು, ಅದೇ ಅಡಗಿದ ದನಿಯಲ್ಲಿ ಕೇಳಿದಳು: “ವನಿತಾ, ನಿಂಗೂ ಹಂಗೇ ಹೇಳಿದ್ರನೇ ಅಕ್ಕೋರು?”

ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು “ಹ್ಞೂಂ” ಎಂದೆ.

ಅವಳ ಕಣ್ಣು ತುಂಬಿತು. “ನಾನೊಬ್ಬಳೇ ಅಂದ್ಕಂಡಿದ್ದೆ ಮಾರಾಯ್ತಿ. ಮಗಳನ್ನ ಉಣ್ಣೂಕೆ ಕರೂದಿದ್ರೂ ಬಟ್ಟಲು ಬಡೀತೆ ನಾನು. ಪೇಟೇಲಿ ಅಕ್ಕೋರು ಕಂಡ್ರೆ ಮುಖ ತಿರ್ಗಸ್ತಿದ್ದೆ. ನಿನ್ನ ಹಾಡು ಕೇಳಿದ ಮೇಲೆ ಮನ್ಸು ತಣ್ಣಗಾತು. ಇನ್ನು ಸಿಟ್ಟು ಬೇಡ. ಇಬ್ರೂ ಹೋಗಿ ಅವ್ರಿಗೆ ಹೇಳ್ವ, ನಾವು ಮರೆತ್ವು ಅಂತ.”

ಯಾವ ತಪ್ಪನ್ನೂ ಮಾಡದ ಮುದುಕಿಯನ್ನು ಕ್ಷಮಿಸಲು ಅವಳು ನನ್ನನ್ನು ಜೊತೆಗೆ ಕರೆಯುತ್ತಿದ್ದಳು. ಅಂಗಡಿಗೆ ರಜೆ ಇಲ್ಲ, ಮೈಗೆ ಹುಷಾರಿಲ್ಲ, ಮಳೆ ನಿಲ್ಲಲಿ — ನೆಪಗಳು ಮುಗಿದವು. ಒಂದು ಭಾನುವಾರ ನಾನು ಹೊನ್ನಾವರದಲ್ಲಿ ಬಸ್ಸು ಹತ್ತಿದೆ, ಅವಳು ಹಳದೀಪುರದಲ್ಲಿ ಹತ್ತಿ ನನ್ನ ಪಕ್ಕ ಕೂತಳು. ಸೆರಗಿನ ಅಡಿಯಲ್ಲಿ ಅಕ್ಕೋರಿಗೆಂದು ತಂದ ಮಲ್ಲಿಗೆಯ ದಂಡೆ. ಧಾರೇಶ್ವರ ದಾಟುವ ಮೊದಲು ಹೇಳಿಬಿಡಬೇಕು ಎಂದುಕೊಂಡೆ. ಧಾರೇಶ್ವರ ದಾಟಿತು. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳು ರಿಕ್ಷಾದಲ್ಲಿ ಕೂತಾಗಿತ್ತು.

ಅಕ್ಕೋರು ನಮ್ಮನ್ನು ಕಂಡು ಎಷ್ಟು ಸಂತೋಷಪಟ್ಟರೆಂದರೆ ಕನ್ನಡಕ ಹಾಕಿಕೊಳ್ಳಲೂ ಮರೆತರು. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. ಮಾದೇವಿ ಹೂವನ್ನು ಅವರ ಕೈಗಿಟ್ಟು, “ಅಕ್ಕೋರೆ, ನಿಮ್ಮ ಮೇಲೆ ನಂಗೆ ಭಾಳ ವರ್ಷ ಸಿಟ್ಟಿತ್ತು. ಈಗ ಬಿಟ್ಟೆ” ಎಂದಳು.

“ಸಿಟ್ಟು? ಎಂತಕೆ ತಂಗಿ?” ಎಂದರು ಅಕ್ಕೋರು. ಅವರ ಮುಖದಲ್ಲಿ ಇದ್ದದ್ದು ಬರೀ ಗಾಬರಿ. ಮಾದೇವಿ ನನ್ನ ಕಡೆ ತಿರುಗಿದಳು, ನೀನೇ ಹೇಳು ಎನ್ನುವ ಹಾಗೆ.

ಹೇಳಿದೆ. ವೇದಿಕೆಯ ಹಿಂದೆ ಏನು ಹೇಳಿದೆನೋ ಅದನ್ನು, ಅಕ್ಕೋರು ನಿಜಕ್ಕೂ ಏನು ಹೇಳಿ ಕಳಿಸಿದ್ದರೋ ಅದನ್ನು, ಅಂಗಡಿಯಲ್ಲಿ ಅಂದ ‘ಹ್ಞೂಂ’ ಅನ್ನು. ಹೇಳುವಾಗ ಅಳು ಬಂತು, ನುಂಗಿಕೊಂಡೆ. ಅಲ್ಲಿ ಅಳುವ ಹಕ್ಕು ನನ್ನದಾಗಿರಲಿಲ್ಲ.

ಅಕ್ಕೋರು ಬೈಯಲಿಲ್ಲ. ಅವರು ಹೇಳಿದ್ದು ಇಷ್ಟು: “ನಾನೇ ಒತ್ತಾಯ ಮಾಡಿ ಆ ಹುಡುಗಿಯನ್ನ ಹೆದರಿಸ್ದೆ ಅಂದ್ಕಂಡಿದ್ದೆ. ಆಮೇಲೆ ನಿವೃತ್ತಿ ಆಗೂ ತನಕ ಯಾವ ಮಗೂಗೂ ಒಬ್ಬಳೇ ಹಾಡು ಅಂತ ಹೇಳ್ಲಿಲ್ಲ.” ಆಮೇಲೆ, ಚಾ ತಣ್ಣಗಾತು, ಬಿಸಿ ಮಾಡ್ತೆ ಎಂದು ಎದ್ದು ಒಳಗೆ ಹೋದರು. ನನ್ನ ಒಂದು ಮಾತು ಎಲ್ಲೆಲ್ಲಿಗೆ ಹೋಗಿ ಯಾರ್ಯಾರ ಬಾಯಿ ಮುಚ್ಚಿತ್ತು ಎಂದು ನನಗೆ ಗೊತ್ತಾದದ್ದು ಆಗ.

ಮಾದೇವಿ ನನ್ನನ್ನು ನೋಡಲಿಲ್ಲ. ಅಕ್ಕೋರು ಮರಳಿ ಬಂದಾಗ ಅವರನ್ನೇ ಕೇಳಿದಳು: “ಹಂಗಾರೆ, ಆ ಮೊದಲ ಸಾಲು ನಂದಾಗಿತ್ತಾ?”

“ನಿಂದೇ ಆಗಿತ್ತು ತಂಗಿ. ನಿನ್ನ ಕೂಗು ಕೇಳೇ ಬರೆದದ್ದು.”

ಅವಳು ಲೋಟ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡು, ಅಂಗಳದ ಕಡೆ ಮುಖ ಮಾಡಿ ಹಾಡಿದಳು — ಏಳು ಏಳು ಕಡಲ ಮಗಳೇ, ಭರತ ಬಂತು ನೋಡೇ. ಮೊದಲು ದನಿ ಒಡೆಯಿತು. ಮತ್ತೊಮ್ಮೆ ಎತ್ತಿದಳು. ಈ ಸಲ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಎರಡನೆಯ ಸಾಲನ್ನು ಅಕ್ಕೋರು ತಮ್ಮ ನಡುಗುವ ದನಿಯಲ್ಲಿ ಸೇರಿಸಿದರು. ಆ ಸಾಲು ನನಗೆ ಬಾಯಿಪಾಠವಿತ್ತು. ನಾನು ಹಾಡಲಿಲ್ಲ.

ಗೇಟಿನ ಹತ್ತಿರ ಅವಳು ನನ್ನೊಡನೆ ಆಡಿದ್ದು ಒಂದೇ ಮಾತು: “ಹಾಡು ಬಿಡೂದು ಬೇಡ. ನನ್ನ ಮಗಳು ಅದು ಕೇಳ್ದೆ ಉಣ್ಣೂದಿಲ್ಲ. ಆದ್ರೆ ನಿಂದು ಅಂತ ಹೇಳ್ಬೇಡ.” ಬಸ್ಸಿನಲ್ಲಿ ಅವಳು ಮುಂದೆ ಗುರುತಿಲ್ಲದ ಒಬ್ಬ ಹೆಂಗಸಿನ ಪಕ್ಕ ಕೂತಳು. ನಾನು ಹಿಂದೆ ಕೂತೆ.

ಅಂದಿನಿಂದ ವೇದಿಕೆಯಲ್ಲಿ ಯಾರು ಆ ಹಾಡು ಬೇಕೆಂದರೂ ಮೊದಲು ಹೇಳುತ್ತೇನೆ, ಈ ಹುಡುಗಿ ನಾನಲ್ಲ, ಅವಳ ಬಾಯಿ ಮುಚ್ಚಿಸಿದವಳು ನಾನು ಎಂದು. ಕುಣಿಯಲು ಎದ್ದವರು ಕೂತುಬಿಡುತ್ತಾರೆ. “ಪ್ರೋಗ್ರಾಂ ಹಾಳು ಮಾಡ್ತಿ ನೀನು” ಎಂದು ಗಣಪಣ್ಣ ಗೊಣಗುತ್ತಾನೆ. ಗೊಣಗಲಿ. ಸಿಡಿಯಲ್ಲಿ ಹಾಗೆ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ವೇದಿಕೆಯ ಹಿಂದೆ ಅಬ್ಬಲಿಗೆ ಮುಡಿದುಕೊಂಡು ನಿಂತ ಆ ಚಿಕ್ಕ ವನಿತಾ ಒಬ್ಬಳಿದ್ದಾಳಲ್ಲ, ಅವಳನ್ನು ಕರೆದು ಸಮಾಧಾನ ಮಾಡುವ ಹಾಡು ನನ್ನ ಹತ್ತಿರ ಇಲ್ಲ. ತಪ್ಪು ನಿನ್ನದಲ್ಲ ಎಂದು ಅವಳಿಗೆ ಹೇಳುವಂತಿಲ್ಲ.

ಮಾದೇವಿ ಮತ್ತೆ ಅಂಗಡಿಗೆ ಬಂದಿಲ್ಲ. ಬರಲಿ ಎಂದು ನಾನು ಯಾರ ಹತ್ತಿರವೂ ಹೇಳಿ ಕಳಿಸಿಲ್ಲ. ಮೊನ್ನೆ ಸೀರೆ ಕೊಳ್ಳಲು ಬಂದ ಹಳದೀಪುರದ ಹೆಂಗಸೊಬ್ಬಳು ಮಾತಿನ ನಡುವೆ ತಮ್ಮ ಪಕ್ಕದ ಮನೆಯವಳ ಬಗ್ಗೆ ದೂರಿದಳು: “ಮೊದ್ಲು ಬಟ್ಟಲು ಬಡೀತಿದ್ಲು, ಅಡ್ಡಿ ಇರ್ಲಿಲ್ಲ. ಈಗ ಮಗಳನ್ನ ಕರೂದು ಹೈವೇ ತನಕ ಕೇಳ್ತದೆ ನೋಡಿ, ಮಧ್ಯಾಹ್ನ ಒಂದು ನಿದ್ರೆ ಮಾಡೂಕೆ ಆಗೂದಿಲ್ಲ.”

ಹೆಸರು ಕೇಳಲಿಲ್ಲ ನಾನು. ಅವಳು ಇಷ್ಟಪಟ್ಟ ಸೀರೆಯನ್ನು ಮಡಚಿ ಕೊಟ್ಟು, ಮುಂದಿನ ಗಿರಾಕಿಗೆ ಇನ್ನೊಂದನ್ನು ಬಿಡಿಸಿದೆ.